ಪೌರತ್ವಕ್ಕೆ ಎರಡು ಸರತಿ, ಅಳತೆ ಒಂದೇ ಇರಲಿ

ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪು ಸುಲ್ತಾನನ ಕಾಲದ್ದೆಂದು ಹೆಸರಾದದ್ದು. ಅವನ ಅಶ್ವದಳಕ್ಕೆ ಕುದುರೆ ಒದಗಿಸುತ್ತಿದ್ದ ಜಾಗದಲ್ಲಿ ಮುಂದೆ ರೇಸಿನ ಥರೋಬ್ರೆಡ್ ತಳಿ ಬೆಳೆಯಿತು. ಬೀಜದ ಕುದುರೆ ಐರ್ಲೆಂಡಿನಿಂದ ಬಂದಿರಲಿ, ಇಂಗ್ಲೆಂಡಿನಿಂದ ಬಂದಿರಲಿ, ಮರಿ ಇಲ್ಲಿ ನೆಲ ಮುಟ್ಟಿತೆಂದರೆ ರೇಸಿನ ದಾಖಲೆಗಳಲ್ಲಿ ಅದು ಭಾರತದ ಕುದುರೆ. ತಂದೆತಾಯಿಯ ಕಾಗದ ಯಾವ ದೇಶದ್ದು ಎಂದು ಯಾರೂ ಕೇಳುವುದಿಲ್ಲ.

ಮನುಷ್ಯರ ಮಕ್ಕಳಿಗೆ ಇಷ್ಟು ಸಲೀಸಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1987ರ ಜೂನ್ 30ರಂದು ಒಂದು ಟಿಬೆಟನ್ ಮನೆಯಲ್ಲಿ ಮಗು ಹುಟ್ಟಿದ್ದರೆ ಅದು ಭಾರತದ ಪ್ರಜೆ. ಮಾರನೆಯ ದಿನ ಪಕ್ಕದ ಮನೆಯಲ್ಲಿ ಹುಟ್ಟಿದ ಮಗು ವಿದೇಶಿ. ಊರು ಅದೇ, ಮುಸುಕಿನ ಜೋಳದ ಹೊಲಗಳೂ ಅವೇ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಜಾರಿಗೆ ಬಂದದ್ದು 1955ರ ಪೌರತ್ವ ಕಾಯ್ದೆಯ ತಿದ್ದುಪಡಿ.

ಈಗ ಕುಣಿಗಲ್ ತಾಲ್ಲೂಕಿನ ಅಮೃತೂರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಅಣ್ಣ ಊರಿನಲ್ಲೇ ಹುಟ್ಟಿದವನು. ಅಪ್ಪ ಕೆಲಸಕ್ಕೆಂದು ದುಬೈಯಲ್ಲಿದ್ದ ಕಾಲದಲ್ಲಿ ತಮ್ಮ ಅಲ್ಲಿ ಹುಟ್ಟಿದ. ಇಬ್ಬರ ಕೈಯಲ್ಲೂ ಭಾರತದ ಪಾಸ್‌ಪೋರ್ಟೇ ಇದೆ. ಇಬ್ಬರೂ ತುಮಕೂರಿನ ಒಂದೇ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ, ಅಮೆರಿಕದ ಒಂದೇ ಕಂಪನಿಗೆ ಒಂದೇ ವರ್ಷ ಸೇರಿದರು. ತಮ್ಮನಿಗೆ ಕೆಲವೇ ವರ್ಷಗಳಲ್ಲಿ ಕಾಯಂ ವಾಸದ ಗ್ರೀನ್ ಕಾರ್ಡ್ ಸಿಗಬಹುದು. ಅಣ್ಣ ನಿವೃತ್ತಿಯ ವಯಸ್ಸಿನವರೆಗೂ ಕಾಯಬೇಕಾಗಬಹುದು. ಅಮೆರಿಕದ ಸರತಿಯಲ್ಲಿ ಅರ್ಜಿದಾರ ಯಾವ ದೇಶದ ಪ್ರಜೆ ಎಂಬುದು ಲೆಕ್ಕಕ್ಕಿಲ್ಲ, ಯಾವ ದೇಶದಲ್ಲಿ ಹುಟ್ಟಿದ ಎಂಬುದೇ ಲೆಕ್ಕ.

ಬೈಲಕುಪ್ಪೆಯಲ್ಲಿ ಹುಟ್ಟಿದ ತಾರೀಖು, ಅಮೆರಿಕದಲ್ಲಿ ಹುಟ್ಟಿದ ಊರು. ಎರಡರಲ್ಲೂ ಮನುಷ್ಯನ ಕೈಯಲ್ಲಿಲ್ಲದ ಸಂಗತಿಯೊಂದು ಅವನ ಬಾಳಿನ ದಾರಿಯನ್ನು ಗೊತ್ತುಮಾಡುತ್ತದೆ. ಮೊದಲ ಅನ್ಯಾಯದ ಬಗ್ಗೆ ಕರ್ನಾಟಕದಲ್ಲಿ ಮಾತು ಕಡಿಮೆ, ಎರಡನೆಯದರ ಬಗ್ಗೆ ಮನೆಮನೆಯಲ್ಲೂ ಮಾತು. ಎರಡನ್ನೂ ಒಂದೇ ಅಳತೆಯಿಂದ ಅಳೆದರೆ ಭಾರತದ ವಲಸೆ ನೀತಿಯಲ್ಲಿ ಕೊರತೆ ಎಲ್ಲಿದೆ ಎಂದು ತಿಳಿಯುತ್ತದೆ.

ಮೊದಲು ಅಮೆರಿಕದ ಸರತಿ. ಕುಣಿಗಲ್, ಗುಬ್ಬಿ, ತುಮಕೂರಿನ ಮಧ್ಯಮ ವರ್ಗದ ಅಪ್ಪ ಅಮ್ಮಂದಿರಿಗೆ ಅದರ ಪರಿಭಾಷೆ ಈಗ ಬಾಯಿಪಾಠ: ಎಚ್ ಒನ್, ಸ್ಟಾಂಪಿಂಗ್, ಪ್ರಯಾರಿಟಿ ಡೇಟ್. ‘ಗ್ರೀನ್ ಕಾರ್ಡ್ ಏನಾಯ್ತಪ್ಪಾ?’ ಎಂದು ವಾರಕ್ಕೊಮ್ಮೆ ಕೇಳುತ್ತಾರೆ. ‘ಡೇಟ್ ಇನ್ನೂ ಮುಂದಕ್ಕೆ ಬಂದಿಲ್ಲಮ್ಮ’ ಎಂಬ ಉತ್ತರ ಬರುತ್ತದೆ. ವ್ಯವಸ್ಥೆ ಹೀಗಿದೆ: 1990ರ ಕಾನೂನಿನಿಂದ ಈಗಿನ ರೂಪ ಪಡೆದ ಎಚ್-1ಬಿ ಉದ್ಯೋಗ ವೀಸಾ ಸಾಮಾನ್ಯ ಕೋಟಾದಲ್ಲಿ ವರ್ಷಕ್ಕೆ 65 ಸಾವಿರ, ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ ಇನ್ನೂ 20 ಸಾವಿರ. ಮೂರು ವರ್ಷಕ್ಕೆ ಸಿಕ್ಕದ್ದನ್ನು ಇನ್ನು ಮೂರು ವರ್ಷ ಬೆಳೆಸಬಹುದು. ಅಷ್ಟರಲ್ಲಿ ಕಂಪನಿಯವರು ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಮೊದಲ ಹಂತ ಒಪ್ಪಿಗೆಯಾದರೆ, ಸರತಿ ಮುಗಿಯುವವರೆಗೂ ವೀಸಾ ಬೆಳೆಸುತ್ತಾ ಹೋಗಬಹುದು.

ಸಿಕ್ಕು ಇರುವುದು ಆ ಸರತಿಯಲ್ಲೇ. ಉದ್ಯೋಗದ ಆಧಾರದ ಮೇಲೆ ಅಮೆರಿಕ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್ ಕೊಡುತ್ತದೆ. ಹೆಂಡತಿ ಮಕ್ಕಳೂ ಈ ಲೆಕ್ಕದಲ್ಲೇ ಸೇರುತ್ತಾರೆ. ಯಾವ ಒಂದು ದೇಶದಲ್ಲಿ ಹುಟ್ಟಿದವರಿಗೂ ಶೇ 7ಕ್ಕಿಂತ ಹೆಚ್ಚು ಹೋಗಕೂಡದು. ನೂರ ನಲವತ್ತು ಕೋಟಿ ಜನರ ಭಾರತಕ್ಕೂ ನಾಲ್ಕು ಲಕ್ಷ ಜನರ ಐಸ್‌ಲ್ಯಾಂಡಿಗೂ ಮಿತಿ ಒಂದೇ. ಹಾಗಾಗಿ ಭಾರತದಲ್ಲಿ ಹುಟ್ಟಿದ ಉನ್ನತ ಪದವೀಧರರ ಇಬಿ-2 ವರ್ಗದ ಸರತಿ 2025ರಲ್ಲೂ 2013ರ ಅರ್ಜಿಗಳ ಆಸುಪಾಸಿನಲ್ಲೇ ತೆವಳುತ್ತಿತ್ತು. ಇಂದು ಅರ್ಜಿ ಹಾಕುವವನು ಹಿಂದಿನವರು ಕಾದಷ್ಟೇ ಕಾಯಬೇಕಾಗುತ್ತದೆ ಎಂದೇನೂ ಇಲ್ಲ. ಅವನ ಮುಂದಿನ ಸರತಿ ಬೆಳೆಯುತ್ತಲೇ ಬಂದಿರುವುದರಿಂದ ಅದಕ್ಕಿಂತ ಬಹಳ ಹೆಚ್ಚು ಕಾಯಬೇಕು. ಗ್ರೀನ್ ಕಾರ್ಡ್ ಕೈಗೆ ಬಂದು ಐದು ವರ್ಷ ಕಳೆದ ಮೇಲಷ್ಟೇ ಪೌರತ್ವದ ಮಾತು.

ಕಾಯುವವರಿಗಿಂತ ಕಷ್ಟ ಅವರ ಮಕ್ಕಳದು. ಎರಡು ವರ್ಷದ ಕೂಸಾಗಿ ತುಮಕೂರಿನಿಂದ ಹೋದ ಹುಡುಗಿ ಟೆಕ್ಸಾಸಿನಲ್ಲಿ ಓದಿ, ಅಲ್ಲಿಯ ಇಂಗ್ಲಿಷನ್ನೇ ಆಡುತ್ತಾ ಬೆಳೆಯುತ್ತಾಳೆ. 21 ತುಂಬುವುದರೊಳಗೆ ಸರತಿ ಮುಗಿಯದಿದ್ದರೆ ಅಪ್ಪನ ಅರ್ಜಿಯ ನೆರಳು ಅವಳ ಮೇಲಿಂದ ಸರಿಯುತ್ತದೆ. ವಿದ್ಯಾರ್ಥಿ ವೀಸಾ ಹಿಡಿಯಬೇಕು, ಇಲ್ಲವೇ ತಾನು ಕಂಡರಿಯದ ‘ಸ್ವದೇಶ’ಕ್ಕೆ ಹೊರಡಬೇಕು. ಅವಳು ಯಾವ ಗಡಿಯನ್ನೂ ಕದ್ದು ದಾಟಿದವಳಲ್ಲ. ಕಾನೂನು ಹೇಳಿದಂತೆ ನಡೆದುಕೊಂಡೇ ಈ ಸ್ಥಿತಿಗೆ ಬಂದವಳು.

ಇದನ್ನು ಸರಿಪಡಿಸುವ ಯತ್ನ ನಡೆದೇ ಇಲ್ಲ ಎನ್ನುವಂತಿಲ್ಲ. ದೇಶವಾರು ಮಿತಿಯನ್ನು ತೆಗೆಯುವ ಮಸೂದೆಗೆ 2019ರ ಜುಲೈನಲ್ಲಿ ಅಮೆರಿಕದ ಪ್ರತಿನಿಧಿಗಳ ಸಭೆ 365–65 ಮತಗಳಿಂದ ಒಪ್ಪಿಗೆ ಕೊಟ್ಟಿತು. ಮರುವರ್ಷ ಸೆನೆಟ್ ತನ್ನದೇ ಆದ ಬೇರೆ ರೂಪವನ್ನು ಒಪ್ಪಿತು. ಎರಡೂ ಸಭೆಗಳ ಪಾಠ ಒಂದಾಗಲಿಲ್ಲ, ಕಾನೂನೂ ಆಗಲಿಲ್ಲ. ಆಮೇಲೆ ಗಾಳಿ ಬೇರೆ ದಿಕ್ಕಿಗೆ ಬೀಸಿತು. 2025ರ ಜನವರಿ 20ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಹೊರಡಿಸಿದ ಆದೇಶ ತಾತ್ಕಾಲಿಕ ವೀಸಾದಲ್ಲಿರುವವರಿಗೆ ಅಲ್ಲಿ ಹುಟ್ಟುವ ಮಕ್ಕಳ ಜನ್ಮಸಿದ್ಧ ಪೌರತ್ವಕ್ಕೇ ಕೈ ಹಾಕಿತು. ಅದು ಕೂಡಲೇ ನ್ಯಾಯಾಲಯದ ಮೆಟ್ಟಿಲೇರಿತು. ಫೆಬ್ರವರಿ 5ರಂದು 104 ಭಾರತೀಯರನ್ನು ಹೊತ್ತ ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ ಇಳಿಯಿತು. ದಾರಿಯುದ್ದಕ್ಕೂ ಅವರ ಕೈಗೆ ಕೋಳ ಹಾಕಿದ್ದರು. ಸೆಪ್ಟೆಂಬರ್ 19ರಂದು ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಣೆಯಾಯಿತು. ಅದೇ ದಿನ, ಹತ್ತು ಲಕ್ಷ ಡಾಲರ್ ಕೊಡುವವರಿಗೆ ‘ಗೋಲ್ಡ್ ಕಾರ್ಡ್’ ಎಂಬ ರಾಜಮಾರ್ಗವೂ.

ಈ ಸುದ್ದಿ ಓದಿದ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಬಂದ ಸಿಟ್ಟು ನ್ಯಾಯವಾದದ್ದು. ಆ ಸಿಟ್ಟಿನ ಹಿಂದಿನ ತರ್ಕ ಹೀಗಿದೆ: ಯಾರನ್ನು ಒಳಗೆ ಬಿಡಬೇಕು ಎನ್ನುವುದು ಅಮೆರಿಕದ ಹಕ್ಕು. ಆದರೆ ಒಮ್ಮೆ ಕರೆದು, ದುಡಿಸಿಕೊಂಡು, ಹತ್ತು ಹದಿನೈದು ವರ್ಷ ತೆರಿಗೆ ವಸೂಲಿ ಮಾಡಿದ ಮೇಲೆ ‘ನೀನು ನಮ್ಮವನಾಗುವುದು ಯಾವಾಗ’ ಎಂಬ ಪ್ರಶ್ನೆಗೆ ಒಂದು ತಾರೀಖಿನ ಉತ್ತರ ಕೊಡಬೇಕು. ಹುಟ್ಟಿದ ದೇಶದ ಕಾರಣಕ್ಕೆ ಒಬ್ಬನಿಗೆ ಎರಡು ವರ್ಷ, ಇನ್ನೊಬ್ಬನಿಗೆ ಎರಡು ತಲೆಮಾರು ಎನ್ನಬಾರದು.

ಈ ತರ್ಕಕ್ಕೆ ಇತಿಹಾಸವೂ ಬೆಂಬಲ ಕೊಡುತ್ತದೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರು ‘ಬಿಳಿಯರು’ ಅಲ್ಲವಾದ್ದರಿಂದ ಅವರಿಗೆ ಪೌರತ್ವ ಸಲ್ಲದು ಎಂದಿತು. ಥಿಂಡ್ ಮೊದಲ ಮಹಾಯುದ್ಧದ ವೇಳೆ ಅಮೆರಿಕದ ಸೈನ್ಯದಲ್ಲಿದ್ದವರು. ಅದಾಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರಿಂದ ಅದನ್ನು ಕಸಿದುಕೊಳ್ಳಲಾಯಿತು. 1946ರ ಲೂಸ್–ಸೆಲ್ಲರ್ ಕಾಯ್ದೆ ಬಾಗಿಲನ್ನು ಕೊಂಚ ತೆರೆಯಿತು: ವರ್ಷಕ್ಕೆ ನೂರು ಭಾರತೀಯರು. 1965ರ ಕಾನೂನು ಜನಾಂಗದ ಆಧಾರದ ಕೋಟಾವನ್ನೇ ಕಿತ್ತುಹಾಕಿತು. ಇಂದು ಬೆಳಗಾವಿ ಮೂಲದ ಶ್ರೀ ಥಾಣೇದಾರ್ ಮಿಷಿಗನ್‌ನಿಂದ ಗೆದ್ದು ಅಮೆರಿಕದ ಸಂಸತ್ತಿನಲ್ಲಿ ಕೂತಿದ್ದಾರೆ ಎಂದರೆ ಹಿಂದಿನವರು ಬಣ್ಣ ಜನಾಂಗಗಳ ಅಳತೆಯನ್ನು ಮುರಿದದ್ದರಿಂದ.

ಇನ್ನು ಎರಡನೆಯ ಸರತಿ. ಅದನ್ನು ನೋಡಲು ವಿಮಾನ ಹತ್ತಬೇಕಿಲ್ಲ.

1959ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದರು. ಅವರ ಬೆನ್ನಿಗೇ ಬಂದ ಟಿಬೆಟನ್ನರಿಗೆ ಅತಿ ಉದಾರವಾಗಿ ನೆಲ ಕೊಟ್ಟದ್ದು ಅಂದಿನ ಮೈಸೂರು ರಾಜ್ಯ. ಬೈಲಕುಪ್ಪೆಯ ಮೊದಲ ನೆಲೆ ಸುಮಾರು 3,000 ಎಕರೆ. ಆಮೇಲೆ ಬೈಲಕುಪ್ಪೆಯಲ್ಲೇ ಇನ್ನೊಂದು, ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಒಡೆಯರಪಾಳ್ಯ, ಒಟ್ಟು ಐದು. ಈ ಔದಾರ್ಯಕ್ಕಾಗಿ ದಲಾಯಿ ಲಾಮಾ ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರನ್ನು ಮತ್ತೆ ಮತ್ತೆ ನೆನೆದಿದ್ದಾರೆ. ನಾಡು ಹೆಮ್ಮೆಪಡಬೇಕಾದ ಅಧ್ಯಾಯವಿದು. ಕಾಡು ಕಡಿದು, ಆನೆ ಕಾಟ ತಡೆದು ಮೊದಲ ತಲೆಮಾರು ಹೊಲ ಮಾಡಿತು. ಎರಡನೆಯದು ಸ್ವೆಟರ್ ಹೊತ್ತು ಊರೂರು ಸುತ್ತಿತು. ಚಳಿಗಾಲ ಬಂತೆಂದರೆ ಕರ್ನಾಟಕದ ಪಟ್ಟಣಗಳಲ್ಲಿ ಅವರ ಅಂಗಡಿ ಏಳುತ್ತಿದ್ದುದು ಎಲ್ಲರಿಗೂ ನೆನಪಿದೆ. ಮೂರನೆಯ ತಲೆಮಾರು ಇಲ್ಲೇ ಹುಟ್ಟಿ ಇಲ್ಲೇ ಓದಿದೆ.

ಆದರೂ ಅವರಲ್ಲಿ ಬಹುತೇಕರು ಕಾನೂನಿನ ಕಣ್ಣಿಗೆ ವಿದೇಶಿಯರು. ಕೈಯಲ್ಲಿರುವುದು ‘ಆರ್‌ಸಿ’, ಅಂದರೆ ವಿದೇಶಿಯರ ನೋಂದಣಿ ಪತ್ರ. ಅವಧಿ ಮುಗಿದಂತೆಲ್ಲ ಅದನ್ನು ನವೀಕರಿಸಿಕೊಳ್ಳಬೇಕು. ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟಿನ ಬದಲು ಹಳದಿ ಬಣ್ಣದ ಗುರುತಿನ ಪುಸ್ತಕ. ಜಮೀನು ಸ್ವಂತಕ್ಕೆ ಕೊಳ್ಳುವಂತಿಲ್ಲ, ಸರ್ಕಾರಿ ಕೆಲಸ ಬಹುಮಟ್ಟಿಗೆ ಇಲ್ಲ, ಮತ ಇಲ್ಲ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಗೆ ಬೈಲಕುಪ್ಪೆಯ ಇಂಜಿನಿಯರ್ ಸೇರುವಂತಿಲ್ಲ. ಗ್ರೀನ್ ಕಾರ್ಡ್ ಇಲ್ಲದ ತುಮಕೂರಿನ ಇಂಜಿನಿಯರಿಗೆ ಅಮೆರಿಕದ ರಕ್ಷಣಾ ಕಂಪನಿಗಳ ಬಾಗಿಲು ಮುಚ್ಚಿರುವುದೂ ಹೀಗೆಯೇ.

ಕಾನೂನು ಮೊದಲು ಇಷ್ಟು ಬಿಗಿಯಾಗಿರಲಿಲ್ಲ. 1950ರ ಜನವರಿ 26ರಿಂದ 1987ರ ಜೂನ್ 30ರವರೆಗೆ ಭಾರತದ ನೆಲದಲ್ಲಿ ಹುಟ್ಟಿದವರು, ವಿದೇಶಿ ರಾಯಭಾರಿಗಳ ಮಕ್ಕಳಂಥ ಕೆಲವರನ್ನು ಬಿಟ್ಟರೆ, ಹುಟ್ಟಿನಿಂದಲೇ ಪ್ರಜೆಗಳು. ಅಕ್ರಮ ವಲಸೆಯ ವಿರುದ್ಧದ ಅಸ್ಸಾಂ ಚಳವಳಿಯ ಒತ್ತಡದಲ್ಲಿ 1986ರಲ್ಲಿ ಆದ ತಿದ್ದುಪಡಿ, ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತೀಯರಿರಬೇಕು ಎಂದಿತು. 2003ರ ತಿದ್ದುಪಡಿ 2004ರ ಡಿಸೆಂಬರ್ 3ರಿಂದ ಇನ್ನೂ ಬಿಗಿಯಾಯಿತು: ಇಬ್ಬರೂ ಭಾರತೀಯರಿರಬೇಕು, ಅಥವಾ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಹಳೆಯ ನಿಯಮದಡಿ ಹಕ್ಕಿದ್ದ ಟಿಬೆಟನ್ನರಿಗೂ ಅದು ಸುಲಭವಾಗಿ ದಕ್ಕಲಿಲ್ಲ. 1986ರಲ್ಲಿ ಹಿಮಾಚಲದಲ್ಲಿ ಹುಟ್ಟಿದ ನಾಮ್‌ಗ್ಯಾಲ್ ದೋಲ್ಕರ್ ಅವರಿಗೆ ಪಾಸ್‌ಪೋರ್ಟ್ ಕೊಡಲು ಇಲಾಖೆ ಒಪ್ಪದಿದ್ದಾಗ, ಅವರು ಹುಟ್ಟಿನಿಂದಲೇ ಭಾರತೀಯರು ಎಂದು ದೆಹಲಿ ಹೈಕೋರ್ಟ್ 2010ರ ಡಿಸೆಂಬರಿನಲ್ಲಿ ತೀರ್ಪಿತ್ತಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಇದೇ ನಿಲುವು ತಾಳಿತು. 2016ರಲ್ಲಿ ದೆಹಲಿ ಹೈಕೋರ್ಟ್ ಮತ್ತೊಮ್ಮೆ ಹೇಳಬೇಕಾಯಿತು. 2017ರಲ್ಲಿ ಕೇಂದ್ರ ಪಾಸ್‌ಪೋರ್ಟ್ ಕೊಡಲು ಒಪ್ಪಿದರೂ ಷರತ್ತು ಹಾಕಿತು: ಆರ್‌ಸಿ ಹಿಂತಿರುಗಿಸಬೇಕು, ಟಿಬೆಟನ್ ನೆಲೆಯಿಂದ ಹೊರಗೆ ಬರಬೇಕು, ಅಲ್ಲಿಯ ಸವಲತ್ತು ಬಿಡಬೇಕು. ಪ್ರಜೆಯಾಗಬೇಕಾದರೆ ಹುಟ್ಟಿದ ಮನೆಯನ್ನೇ ತೊರೆ ಎಂದಂತಾಯಿತು.

ಇದರ ಫಲ ಜನಸಂಖ್ಯೆಯಲ್ಲಿ ಕಾಣುತ್ತದೆ. ಸರ್ಕಾರಿ ಅಂದಾಜಿನ ಪ್ರಕಾರ 2011ರ ಹೊತ್ತಿಗೆ ಭಾರತದಲ್ಲಿ ಸುಮಾರು ಒಂದೂವರೆ ಲಕ್ಷ ಟಿಬೆಟನ್ನರಿದ್ದರು. 2018ಕ್ಕೆ ಸುಮಾರು 85 ಸಾವಿರ. ಹೋದವರಲ್ಲಿ ಹೆಚ್ಚಿನವರು ಟೊರಾಂಟೊ, ನ್ಯೂಯಾರ್ಕ್, ಯುರೋಪ್ ಸೇರಿದರು. ಅವರ ಮುಂದೆ ಇದ್ದ ಲೆಕ್ಕ ಸರಳ: ಕೆನಡಾದಲ್ಲಿ ಕಾಯಂ ನಿವಾಸಿಯಾದವರು ಐದು ವರ್ಷಗಳಲ್ಲಿ 1,095 ದಿನ ಅಲ್ಲಿದ್ದರೆ ಪೌರತ್ವಕ್ಕೆ ಅರ್ಜಿ ಹಾಕಬಹುದು, ಬೈಲಕುಪ್ಪೆಯಲ್ಲಿ ಅರವತ್ತು ವರ್ಷ ಇದ್ದರೂ ಆರ್‌ಸಿ ನವೀಕರಣವೇ ಗತಿ. ಕರ್ನಾಟಕ ಅನ್ನ ನೀರು ಕೊಟ್ಟು ಬೆಳೆಸಿದ ಮಕ್ಕಳ ದುಡಿಮೆಯನ್ನು ಕೆನಡಾ ಉಣ್ಣುತ್ತಿದೆ.

ಕರ್ನಾಟಕದಲ್ಲೇ ಇನ್ನೆರಡು ಉದಾಹರಣೆಗಳಿವೆ. ಅವೆರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. 1964ರ ಅಕ್ಟೋಬರಿನಲ್ಲಿ ಪ್ರಧಾನಿಗಳಾದ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ, ಸಿಲೋನಿನ (ಇಂದಿನ ಶ್ರೀಲಂಕಾದ) ಚಹಾ ತೋಟಗಳಲ್ಲಿ ಯಾವ ದೇಶದ ಪ್ರಜೆಗಳೂ ಆಗಿರದ ತಮಿಳು ಕಾರ್ಮಿಕರಲ್ಲಿ 5,25,000 ಜನರಿಗೆ ಭಾರತ, 3,00,000 ಜನರಿಗೆ ಸಿಲೋನ್ ಪೌರತ್ವ ಕೊಡಬೇಕಿತ್ತು. ಉಳಿದ ಒಂದೂವರೆ ಲಕ್ಷ ಜನರನ್ನು 1974ರಲ್ಲಿ ಸಮನಾಗಿ ಹಂಚಿಕೊಂಡರು. ಹಾಗೆ ಬಂದವರಲ್ಲಿ ಒಂದು ಪಾಲು ಸುಳ್ಯ, ಪುತ್ತೂರು ಸುತ್ತಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಸೇರಿತು. ಕೂಲಿ, ವಸತಿ, ಜಾತಿ ಪ್ರಮಾಣಪತ್ರದ ತಾಪತ್ರಯ ಅವರಿಗೆ ಬೇಕಾದಷ್ಟಿದ್ದವು. ಆದರೂ ಅವರು ಪ್ರಜೆಗಳಾಗಿದ್ದರು. ಚುನಾವಣೆಗೆ ನಿಂತವರು ಮತ ಕೇಳಲು ಅವರ ಕಾಲೊನಿಗೂ ಹೋಗಬೇಕಿತ್ತು. ಮತ ಇದ್ದವನ ದೂರು ಯಾರಾದರೊಬ್ಬರ ಮೇಜಿಗೆ ತಲುಪುತ್ತದೆ.

ಪೂರ್ವ ಪಾಕಿಸ್ತಾನದಿಂದ ಬಂದು ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ನೆಲೆ ಕಂಡ ಬಂಗಾಳಿಗಳ ಕಥೆ ಬೇರೆ. ಊರವರು ‘ಆರ್‌ಎಚ್ ಕ್ಯಾಂಪ್’ ಎಂದೇ ಕರೆಯುವ ಆ ಪುನರ್ವಸತಿ ಕಾಲೊನಿಗಳಲ್ಲಿ 1970ರ ದಶಕದಿಂದ ಬಾಳುತ್ತಿರುವವರಲ್ಲಿ ಎಷ್ಟೋ ಮಂದಿಯ ಪೌರತ್ವ ಇತ್ಯರ್ಥವಾಗದೆ ಉಳಿಯಿತು. 2019ರ ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು ಪ್ರಕಟವಾದದ್ದು 2024ರ ಮಾರ್ಚ್ 11ರಂದು. ಅದೇ ವರ್ಷದ ಆಗಸ್ಟಿನಲ್ಲಿ ಈ ಕಾಲೊನಿಗಳ ಐವರಿಗೆ ಆ ಕಾಯ್ದೆಯಡಿ ಪೌರತ್ವ ಸಿಕ್ಕಿತು. ಕರ್ನಾಟಕದಲ್ಲಿ ಹಾಗೆ ಪಡೆದವರಲ್ಲಿ ಅವರೇ ಮೊದಲಿಗರು ಎಂದು ವರದಿಯಾಯಿತು. ಸರ್ಕಾರವೇ ಕರೆತಂದು ಕೂರಿಸಿದ ಜನರಿಗೆ ಕಾಗದ ಸಿಗಲು ಅರ್ಧ ಶತಮಾನ ಹಿಡಿಯಿತು.

ಆ ಐವರಿಗೆ ಸಿಕ್ಕದ್ದು ಸರಿಯೇ. ಆದರೆ ಸಿಕ್ಕ ಬಗೆ ಸರಿಯೇ? 2019ರ ಕಾಯ್ದೆ ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರಿಗೆ ದಾರಿ ಮಾಡಿ, ಕಾಯುವ ಅವಧಿಯನ್ನು 11 ವರ್ಷದಿಂದ 5ಕ್ಕೆ ಇಳಿಸಿತು. ಬೈಲಕುಪ್ಪೆಯವರು ಬೌದ್ಧರು, ಬಂದದ್ದು ಚೀನಾದ ಹಿಡಿತದಲ್ಲಿರುವ ಟಿಬೆಟ್ಟಿನಿಂದ, ಹಾಗಾಗಿ ಪಟ್ಟಿಯಲ್ಲಿಲ್ಲ. ತಮಿಳುನಾಡಿನ ಶಿಬಿರಗಳಲ್ಲಿರುವ ಐವತ್ತು ಸಾವಿರಕ್ಕೂ ಹೆಚ್ಚು ಶ್ರೀಲಂಕಾ ತಮಿಳರಲ್ಲಿ ಬಹುಪಾಲು ಹಿಂದೂಗಳು, ಅವರೂ ಪಟ್ಟಿಯಲ್ಲಿಲ್ಲ. ಪಾಕಿಸ್ತಾನದಲ್ಲಿ ಕಿರುಕುಳಕ್ಕೆ ಒಳಗಾದ ಅಹ್ಮದಿಯಾ ಮುಸ್ಲಿಮನ ಮಾತಂತೂ ದೂರವೇ ಉಳಿಯಿತು. ಕಿರುಕುಳವೇ ಮಾನದಂಡವಾಗಿದ್ದರೆ ಇವರೆಲ್ಲ ಒಳಗಿರಬೇಕಿತ್ತು. ಅಮೆರಿಕದ ಸರತಿ ಹುಟ್ಟಿದ ದೇಶವನ್ನು ಕೇಳುತ್ತದೆ. ಭಾರತದ ಹೊಸ ದಾರಿ ಬಂದ ದೇಶವನ್ನೂ ಕೇಳುತ್ತದೆ, ಧರ್ಮವನ್ನೂ ಕೇಳುತ್ತದೆ.

ಸಂವಿಧಾನ ಸಭೆಯಲ್ಲಿ ಈ ಜಿಜ್ಞಾಸೆ ನಡೆದೇ ಇತ್ತು. 1949ರ ಆಗಸ್ಟ್‌ನಲ್ಲಿ ಪಿ.ಎಸ್. ದೇಶಮುಖ್ ಅವರು, ಕರಡಿನಲ್ಲಿರುವಂತೆ ಬಿಟ್ಟರೆ ಭಾರತದ ಪೌರತ್ವ ಜಗತ್ತಿನಲ್ಲೇ ಅತಿ ಅಗ್ಗವಾದೀತು ಎಂದು ವಾದಿಸಿದರು. ಹಿಂದೂ ಮತ್ತು ಸಿಖ್ಖರಿಗೆ ವಿಶೇಷ ಹಕ್ಕು ಕೇಳಿದರು. ಸಭೆ ಒಪ್ಪಲಿಲ್ಲ. ದೇಶ ವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ. ಅಂಥ ಹೊತ್ತಿನಲ್ಲೂ ಧರ್ಮದ ಅಳತೆ ಬೇಡ ಎಂದವರ ಧೈರ್ಯ ದೊಡ್ಡದು.

2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆ 1920, 1939, 1946 ಮತ್ತು 2000ರ ನಾಲ್ಕು ಹಳೆಯ ಕಾಯ್ದೆಗಳನ್ನು ರದ್ದುಮಾಡಿ ಒಂದೇ ಕಟ್ಟಿಗೆ ತಂದಿತು. ಅದರ ಜೊತೆಗಿನ ವಿನಾಯಿತಿ ಆದೇಶ, ನೋಂದಾಯಿತ ಶ್ರೀಲಂಕಾ ತಮಿಳರಲ್ಲಿ 2015ರ ಜನವರಿ 9ರವರೆಗೆ ಬಂದವರನ್ನು ಶಿಕ್ಷೆಯಿಂದ ಪಾರು ಮಾಡಿತು. ಒಳ್ಳೆಯದೇ. ಆದರೆ ಶಿಕ್ಷೆ ಇಲ್ಲ ಎನ್ನುವುದು ಬೇರೆ, ನೀನು ನಮ್ಮವನು ಎನ್ನುವುದು ಬೇರೆ. ಒಳಗೆ ಬರುವ, ಇರುವ, ಹೊರಗೆ ಹಾಕುವ ನಿಯಮ ಹೊಸದಾಯಿತು. ಇದ್ದವರು ಪ್ರಜೆಗಳಾಗುವ ದಾರಿ ಹಳೆಯದಾಗಿಯೇ ಉಳಿಯಿತು.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವೇನೂ ಅಲ್ಲ.

ಬಾಂಗ್ಲಾದೇಶದೊಡನೆ ಭಾರತಕ್ಕೆ 4,096 ಕಿ.ಮೀ. ಗಡಿ ಇದೆ, ದಾರಿ ಸಲೀಸಾದರೆ ನುಸುಳುವವರು ಹೆಚ್ಚುತ್ತಾರೆ ಎನ್ನುವುದು ಮೊದಲನೆಯದು. ಅಮೆರಿಕದ ಅನುಭವವೂ ಇದನ್ನು ಸ್ವಲ್ಪ ಮಟ್ಟಿಗೆ ಪುಷ್ಟೀಕರಿಸುತ್ತದೆ. ರೇಗನ್ ಆಡಳಿತದ 1986ರ ಕಾನೂನು ಸುಮಾರು 27 ಲಕ್ಷ ಅಕ್ರಮ ವಲಸಿಗರನ್ನು ಸಕ್ರಮಗೊಳಿಸಿತು. ಎರಡು ದಶಕದಲ್ಲಿ ಅಕ್ರಮವಾಗಿ ನೆಲೆಸಿದವರ ಸಂಖ್ಯೆ ಕೋಟಿ ದಾಟಿತು. ಆದ್ದರಿಂದ ಕದ್ದು ಬಂದವರಿಗೆಲ್ಲ ಸಾರಾಸಗಟಾಗಿ ಪೌರತ್ವ ಕೊಡುವುದು ವಿವೇಕವಲ್ಲ. ಇಲ್ಲಿ ಮಾತು ಅವರದಲ್ಲ. ಸರ್ಕಾರವೇ ಬರಮಾಡಿಕೊಂಡು, ಹೆಸರು ಬರೆದುಕೊಂಡು, ದಶಕಗಳಿಂದ ವಿಳಾಸ ಬಲ್ಲ ಜನರದು. ಆರ್‌ಸಿ ಹಿಡಿದು ಅವಧಿ ಮುಗಿದಂತೆಲ್ಲ ಕಚೇರಿಗೆ ಬರುವವನು ನುಸುಳುಕೋರನಲ್ಲ.

ಎರಡನೆಯ ಆಕ್ಷೇಪ ಟಿಬೆಟನ್ನರಿಂದಲೇ ಬರುತ್ತದೆ. ಭಾರತದ ಪ್ರಜೆಗಳಾದರೆ ಟಿಬೆಟ್ಟಿನ ಹೋರಾಟದ ಕಾವು ಆರುತ್ತದೆ, ನಿರಾಶ್ರಿತರಾಗಿ ಉಳಿಯುವುದೇ ಒಂದು ರಾಜಕೀಯ ಹೇಳಿಕೆ ಎಂದು ಹಿರಿಯರಲ್ಲಿ ಅನೇಕರು ಭಾವಿಸುತ್ತಾರೆ. ಗೌರವಿಸಬೇಕಾದ ನಿಲುವು. ಆದರೆ ದಾರಿ ಇದ್ದೂ ತುಳಿಯದಿರುವುದು ಒಬ್ಬನ ಸ್ವಾತಂತ್ರ್ಯ, ದಾರಿಯೇ ಇಲ್ಲದಿರುವುದು ಸರ್ಕಾರದ ನಿರ್ಧಾರ. ಬೇಡ ಎನ್ನುವ ಅಜ್ಜನ ಹಕ್ಕು ಬೇಕು ಎನ್ನುವ ಮೊಮ್ಮಗಳ ಹಕ್ಕನ್ನು ನುಂಗಬಾರದು.

ಮೂರನೆಯದು ಕನ್ನಡದ ಆತಂಕ. ಹೊರಗಿನವರು ಬಂದು ನಾಡಿನ ನುಡಿ, ನೆಲ, ಕೆಲಸಗಳಿಗೆ ಕುತ್ತು ಬಂತು ಎಂಬ ಕೂಗಿಗೆ ಕಾರಣಗಳಿವೆ. 2024ರ ಜುಲೈನಲ್ಲಿ ರಾಜ್ಯ ಸಂಪುಟ ಒಪ್ಪಿ, ಉದ್ಯಮಿಗಳ ವಿರೋಧ ಬಂದೊಡನೆ ಬದಿಗಿಟ್ಟ ಸ್ಥಳೀಯರ ಉದ್ಯೋಗ ಮಸೂದೆ ಆ ಆತಂಕದ ಕೂಸು. ಕರ್ನಾಟಕದಲ್ಲಿ ಹುಟ್ಟಿರಬೇಕು, 15 ವರ್ಷ ನೆಲೆಸಿರಬೇಕು, ಕನ್ನಡ ಮಾತಾಡಲು, ಓದಲು, ಬರೆಯಲು ಬರಬೇಕು ಎಂದು ಅದು ‘ಸ್ಥಳೀಯ’ನ ಲಕ್ಷಣ ಹೇಳಿತ್ತು. ಹುಟ್ಟು ಮತ್ತು ನೆಲೆಯ ಷರತ್ತನ್ನು ಬೈಲಕುಪ್ಪೆಯ ಯುವಕ ಯುವತಿಯರು ಸುಲಭವಾಗಿ ದಾಟುತ್ತಾರೆ. ಅಂಗಡಿಯಲ್ಲಿ ಗಿರಾಕಿಗಳೊಡನೆ ದಿನವಿಡೀ ಕನ್ನಡದಲ್ಲೇ ವ್ಯವಹರಿಸುವವರಿಗೆ ಭಾಷೆಯದೂ ದೊಡ್ಡ ತೊಡಕಾಗದು. ಪೌರತ್ವ ಕಾಯ್ದೆಯ ಮೂರನೇ ಅನುಸೂಚಿ ಕೇಳುವುದೂ ಇಂಥದನ್ನೇ: ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ ಒಂದು ಭಾಷೆ ಸಾಕಷ್ಟು ತಿಳಿದಿರಬೇಕು. ಹಿಂದಿಯೇ ಆಗಬೇಕೆಂದಿಲ್ಲ, ಕನ್ನಡ ಸಾಕು. ಕರ್ನಾಟಕದಲ್ಲಿ ನೆಲೆಸಿದವರಿಗೆ ಕನ್ನಡದ ಪರೀಕ್ಷೆಯನ್ನೇ ಕಡ್ಡಾಯ ಮಾಡಿದರೆ ಪೌರತ್ವದ ದಾರಿ ಕನ್ನಡದ ಬಲವನ್ನು ಹೆಚ್ಚಿಸೀತೇ ಹೊರತು ಕುಗ್ಗಿಸದು.

ದಾರಿ ಸ್ಪಷ್ಟವಿಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೂ ಹತ್ತಿರದಲ್ಲೇ ಸಾಕ್ಷಿಯಿದೆ. 2020ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾದೇಶಿಯರು’ ಎಂಬ ಶಂಕೆಯ ಮೇಲೆ ಗುಡಿಸಲುಗಳನ್ನು ಕೆಡವಿದರು. ಅಲ್ಲಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರಷ್ಟೇ ಅಲ್ಲ, ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು. ಹೈಕೋರ್ಟ್ ಅದನ್ನು ಕಾನೂನುಬಾಹಿರವೆಂದಿತು. ಯಾರು ಪ್ರಜೆ ಎಂದು ವಿಚಾರಣೆ ಮಾಡಿ ತೀರ್ಮಾನಿಸುವ ಬದಲು ಮುಖ ನೋಡಿ ತೀರ್ಮಾನಿಸಿದರೆ ಕನ್ನಡಿಗನ ಸೂರೂ ಉಳಿಯುವುದಿಲ್ಲ.

ಅದೇ ಹೊತ್ತಿಗೆ ಸೊಂಡೆಕೊಪ್ಪದಲ್ಲಿ ರಾಜ್ಯದ ಮೊದಲ ವಿದೇಶಿಯರ ಬಂಧನ ಕೇಂದ್ರ ಸಿದ್ಧವಾಯಿತು. ಕುಣಿಗಲ್ಲಿನ ಬಸ್ಸುಗಳು ಬೆಂಗಳೂರಿಗೆ ಹೋಗುವಾಗ ಹಾದುಹೋಗುವ ನೆಲಮಂಗಲದ ತಾಲ್ಲೂಕಿನ ಊರು ಅದು; ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯವಾಗಿದ್ದ ಕಟ್ಟಡಕ್ಕೆ ಎತ್ತರದ ಗೋಡೆ, ಕಾವಲು ಗೋಪುರ ಕಟ್ಟಿದರು. ವೀಸಾ ಅವಧಿ ಮೀರಿ ಉಳಿದವರನ್ನು ಗಡೀಪಾರಿಗೆ ಮುನ್ನ ಅಲ್ಲಿ ಇಡುತ್ತಾರೆ. ಅಂಥ ಜಾಗ ಯಾವ ದೇಶಕ್ಕೂ ಬೇಕಾಗಬಹುದು. ಆದರೆ ‘ಇವನು ನಮ್ಮವನು’ ಎಂದು ಅವನ ದೇಶ ಒಪ್ಪದಿದ್ದರೆ ಎಷ್ಟು ಕಾಲ ಕೂಡಿಡುವುದು? 2025ರ ಫೆಬ್ರವರಿಯಲ್ಲಿ ಅಸ್ಸಾಮಿನ ಬಂಧಿತರ ವಿಚಾರದಲ್ಲಿ ಸುಪ್ರೀಂ ಕೋರ್ಟ್, ಗಡೀಪಾರಿಗೆ ಮುಹೂರ್ತ ಕಾಯುತ್ತಿದ್ದೀರಾ ಎಂದು ಸರ್ಕಾರವನ್ನು ಕೇಳಿತು. ಕಳಿಸುವುದಾದರೆ ಕಳಿಸಬೇಕು, ಆಗದಿದ್ದರೆ ಮನುಷ್ಯನನ್ನು ಅನಂತಕಾಲ ಕೂಡಿಹಾಕುವ ಅಧಿಕಾರ ಯಾರಿಗೂ ಇಲ್ಲ.

ಹಾಗಾದರೆ ಆಗಬೇಕಾದದ್ದೇನು? ಕಾನೂನುಬದ್ಧವಾಗಿ ನೋಂದಾಯಿಸಿಕೊಂಡು ಇಂತಿಷ್ಟು ವರ್ಷ ಇದ್ದವರಿಗೆ ಧರ್ಮ, ಮೂಲದೇಶ ಕೇಳದೆ ಅರ್ಜಿಯ ಹಕ್ಕು ಕೊಡಬೇಕು. ಈಗಿನ ಕಾಯ್ದೆಯಲ್ಲೇ ಇರುವ 12 ವರ್ಷದ ಲೆಕ್ಕ, ಅಂದರೆ ಅರ್ಜಿಗೆ ಮುಂಚಿನ ಒಂದು ಪೂರ್ತಿ ವರ್ಷ ಮತ್ತು ಅದರ ಹಿಂದಿನ 14ರಲ್ಲಿ 11 ವರ್ಷ, ನ್ಯಾಯವಾದದ್ದೇ. ಅರ್ಜಿಗೆ ಗೊತ್ತಾದ ಅವಧಿಯೊಳಗೆ ಲಿಖಿತ ಉತ್ತರ ಸಿಗಬೇಕು, ನಿರಾಕರಿಸಿದರೆ ಕಾರಣ ತಿಳಿಸಬೇಕು. ಇಲ್ಲೇ ಹುಟ್ಟಿ 18 ತುಂಬುವವರೆಗೆ ಇಲ್ಲೇ ಬೆಳೆದ, ನೋಂದಾಯಿತ ತಂದೆತಾಯಿಗಳ ಮಕ್ಕಳಿಗೆ ತಾವೇ ಆಯ್ದುಕೊಳ್ಳುವ ಅವಕಾಶ ಬೇಕು. ಪೌರತ್ವ ಪಡೆಯಲು ಮನೆ ಬಿಡಬೇಕೆಂಬ ಷರತ್ತು ರದ್ದಾಗಬೇಕು. ಕದ್ದು ಬಂದವರನ್ನು ಹೊರಗೆ ಕಳಿಸುವ ಮುನ್ನ ವಿಚಾರಣೆ ನಡೆಸಬೇಕು.

ಹೊರಗೆ ಹೋದವರ ವಿಷಯದಲ್ಲೂ ಭಾರತ ತನ್ನ ಕೈಲಾದದ್ದನ್ನು ಮಾಡಿಲ್ಲ. ಬೇರೆ ಯಾವುದೇ ದೇಶದ ಪ್ರಜೆಯಾದ ದಿನವೇ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಭಾರತದ ಪೌರತ್ವ ಹೋಗುತ್ತದೆ. 2022ರಲ್ಲಿ 2,25,620, 2023ರಲ್ಲಿ 2,16,219 ಭಾರತೀಯರು ಹಾಗೆ ಪೌರತ್ವ ಬಿಟ್ಟರು. ಅವರಿಗೆ ಸಿಗುವ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿನಲ್ಲಿ ಮತ ಇಲ್ಲ. ಕುಣಿಗಲ್ಲಿನವರಿಗೆ ಅದಕ್ಕಿಂತ ಹೆಚ್ಚು ನಾಟುವ ಸಂಗತಿ ಇನ್ನೊಂದು: ಅಪ್ಪನ ತೆಂಗಿನ ತೋಟ ಮಗನಿಗೆ ಪಿತ್ರಾರ್ಜಿತವಾಗಿ ಬರಬಹುದು, ಆದರೆ ಪಕ್ಕದ ಒಂದು ಎಕರೆ ಕೃಷಿ ಭೂಮಿಯನ್ನು ಅವನು ಕೊಳ್ಳುವಂತಿಲ್ಲ. 2024ರ ಜೂನಿನಿಂದ ಜರ್ಮನಿ ಐದೇ ವರ್ಷಕ್ಕೆ ಪೌರತ್ವ ಕೊಡುತ್ತಿದೆ, ಹಳೆಯದನ್ನು ಇಟ್ಟುಕೊಳ್ಳಲೂ ಒಪ್ಪಿದೆ. ಎರಡು ಪೌರತ್ವ ಒಪ್ಪುವ ದೇಶಗಳು ಅದರಿಂದ ಒಡೆದುಹೋಗಿಲ್ಲ. ಭಾರತವೂ ಈ ಪ್ರಶ್ನೆಯನ್ನು ಮತ್ತೆ ತೆರೆಯುವ ಕಾಲ ಬಂದಿದೆ.

ಇವೆಲ್ಲಕ್ಕೂ ಸಂವಿಧಾನ ತಿದ್ದಬೇಕಿಲ್ಲ. 11ನೇ ವಿಧಿ ಪೌರತ್ವದ ಕಾನೂನನ್ನು ಪೂರ್ತಿಯಾಗಿ ಸಂಸತ್ತಿಗೆ ಬಿಟ್ಟಿದೆ, ಸಾಮಾನ್ಯ ಬಹುಮತ ಸಾಕು. ಕುಣಿಗಲ್ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದು, ತುಮಕೂರು ಮತ್ತು ಗುಬ್ಬಿ ತುಮಕೂರು ಕ್ಷೇತ್ರಕ್ಕೆ, ಬೈಲಕುಪ್ಪೆ ಮೈಸೂರಿಗೆ, ಸಿಂಧನೂರು ಕೊಪ್ಪಳಕ್ಕೆ. ಅಮೆರಿಕದ ವೀಸಾ ಶುಲ್ಕದ ಬಗ್ಗೆ ಸಂಸದರಿಗೆ ಪತ್ರ ಬರೆಯುವ ಮತದಾರರು ಅದೇ ಪತ್ರದಲ್ಲಿ ಇನ್ನೊಂದು ಸಾಲು ಸೇರಿಸಲಿ: ಬೈಲಕುಪ್ಪೆಯಲ್ಲಿ 1987ರ ಜುಲೈ 1ರಂದು ಹುಟ್ಟಿದ ವ್ಯಕ್ತಿ ಯಾವ ತಾರೀಖಿಗೆ ಭಾರತದ ಪ್ರಜೆಯಾಗಬಹುದು?